ಒಬ್ಬಳಿಗೊಂದು ಕೋಣೆ, ಊರಿಗೆ ಏಳು ಬಚ್ಚಲು

ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಾದ ಕಿನೋಸಾಕಿಗೆ ಒಬ್ಬಳೇ ಹೋಗಿಬಂದೆ ಎಂದು ತಿಳಿದಾಗಿನಿಂದ ಬಂಧುಬಳಗದಲ್ಲಿ, ಕಚೇರಿಯಲ್ಲಿ ಒಂದೇ ಮಾತು: "ನಿಮ್ಮ ಧೈರ್ಯ ಮೆಚ್ಚಬೇಕು." ಹೊಗಳಿಕೆಯನ್ನು ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೂ ಈ ಹೊಗಳಿಕೆ ನನಗೆ ಸಲ್ಲುವುದಿಲ್ಲ. ಧೈರ್ಯ ಬೇಕಾಗುವುದು ರಾತ್ರಿ ಒಂಬತ್ತರ ಮೇಲೆ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಲ್ಲುವುದಕ್ಕೆ. ಕಿನೋಸಾಕಿಯಲ್ಲಿ ರಾತ್ರಿ ಹತ್ತು ಗಂಟೆಗೆ ಒದ್ದೆ ಕೂದಲು ಬಿಟ್ಟುಕೊಂಡು, ಯುಕಾತಾ ಎಂಬ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಮರದ ಚಪ್ಪಲಿಯಲ್ಲಿ ಟಕಟಕ ಸದ್ದು ಮಾಡುತ್ತ ಹೊಳೆಯ ದಂಡೆಯ ಮೇಲೆ ನಡೆಯುವುದಕ್ಕೆ ಕಾಲು ಉಳುಕದಂತೆ ಹೆಜ್ಜೆಯಿಡುವ ಎಚ್ಚರ ಇದ್ದರೆ ಸಾಕು. ಊರು ಹಾಗಿದೆ. ಹಾಗಾದದ್ದು ತಾನೇ ತಾನಾಗಿ ಅಲ್ಲ. ಅದಕ್ಕಾಗಿ ಆ ಊರಿನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿನಲ್ಲಿ ಜಗಳವಾಡಿದ್ದಾರೆ. ನಾನು ಹೇಳಬೇಕೆಂದಿರುವುದು ಆ ಜಗಳದ ಕಥೆ.

ಮೊದಲು ಊರು ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಹ್ಯೋಗೊ ಪ್ರಾಂತ್ಯದ ಉತ್ತರದ ಅಂಚಿನಲ್ಲಿ, ಜಪಾನ್ ಸಮುದ್ರಕ್ಕೆ ಹತ್ತಿರ, ಟೊಯೊಓಕಾ ನಗರದ ವ್ಯಾಪ್ತಿಯಲ್ಲಿ ಬರುತ್ತದೆ. ಕಂಪನಿಯ ಕೆಲಸದ ಮೇಲೆ ಒಸಾಕಾಗೆ ಹೋಗಿದ್ದವಳು ಕೆಲಸ ಮುಗಿಸಿ ಕೋನೊತೊರಿ ಎಂಬ ರೈಲು ಹತ್ತಿದೆ; ಎರಡೂಮುಕ್ಕಾಲು ಗಂಟೆಯ ದಾರಿ. ಕೋನೊತೊರಿ ಎಂದರೆ ಕೊಕ್ಕರೆಯ ಜಾತಿಯ ದೊಡ್ಡ ಬಿಳಿ ಹಕ್ಕಿ. ಗಾಯಗೊಂಡ ಇಂಥ ಹಕ್ಕಿಯೊಂದು ಇಲ್ಲಿನ ಬಿಸಿನೀರಿನಲ್ಲಿ ನಿಂತು ಗುಣವಾಗುತ್ತಿದ್ದುದನ್ನು ಕಂಡೇ ಜನ ಬುಗ್ಗೆಯನ್ನು ಪತ್ತೆಹಚ್ಚಿದರಂತೆ. ಇನ್ನೊಂದು ಐತಿಹ್ಯದ ಪ್ರಕಾರ ದೋಚಿ ಎಂಬ ಸನ್ಯಾಸಿ ಸಾವಿರ ದಿನ ಪ್ರಾರ್ಥಿಸಿ 720ರಲ್ಲಿ ನೀರು ಚಿಮ್ಮಿಸಿದ. ಎರಡೂ ಕಥೆಗಳಿಗೆ ಒಂದೊಂದು ಸ್ನಾನಗೃಹ ಕಟ್ಟಿ ಇಬ್ಬರ ಮನಸ್ಸನ್ನೂ ನೋಯಿಸದೆ ಉಳಿಸಿಕೊಂಡಿದ್ದಾರೆ. ಕಥೆಯ ಹಕ್ಕಿಗೆ ಆಮೇಲೆ ಒದಗಿದ ಗತಿ ಮಾತ್ರ ಕಥೆಯಲ್ಲ. 1971ರಲ್ಲಿ ಜಪಾನಿನ ಬಯಲಿನಲ್ಲಿ ಸ್ವತಂತ್ರವಾಗಿ ಬದುಕಿದ್ದ ಈ ಹಕ್ಕಿಯ ಸಂತತಿಯೇ ಅಳಿದುಹೋಯಿತು. ಟೊಯೊಓಕಾದಲ್ಲಿ ಸಾಕಿ ಬೆಳೆಸಿ, ಗದ್ದೆಗಳಿಗೆ ವಿಷ ಸುರಿಯುವುದನ್ನು ಕಡಿಮೆ ಮಾಡಿ, 2005ರಲ್ಲಿ ಮತ್ತೆ ಬಯಲಿಗೆ ಬಿಟ್ಟರು. ರೈಲಿನ ಕಿಟಕಿಯಾಚೆ ಗದ್ದೆಯಲ್ಲಿ ನಿಂತ ಪ್ರತಿಯೊಂದು ಬಿಳಿ ಹಕ್ಕಿಯನ್ನೂ ಅದೇ ಇರಬೇಕೆಂದು ನೋಡಿದೆ. ಬಹುತೇಕ ಬೆಳ್ಳಕ್ಕಿಗಳೇ ಇದ್ದಿರಬೇಕು, ಇರಲಿ.

ಈಗ ಕೋಣೆಯ ವಿಷಯ. ಜಪಾನಿನಲ್ಲಿ ಒಂಟಿ ಪ್ರಯಾಣಿಕರಿಗೆ ಎಲ್ಲವೂ ಸಲೀಸು ಎಂದು ಬರೆಯುವವರನ್ನು ನಂಬಬೇಡಿ. ನಗರದ ಹೋಟೆಲುಗಳಲ್ಲಿ ಹೌದು. ಬಿಸಿನೀರಿನ ಊರುಗಳ ಸಾಂಪ್ರದಾಯಿಕ ವಸತಿಗೃಹಗಳಲ್ಲಿ, ಅಂದರೆ ರ್ಯೊಕಾನುಗಳಲ್ಲಿ, ಲೆಕ್ಕಾಚಾರವೇ ಬೇರೆ. ಅಲ್ಲಿ ಕೋಣೆಗಲ್ಲ, ತಲೆಗೆ ದರ. ಅದೂ ಒಂದು ಕೋಣೆಯಲ್ಲಿ ಇಬ್ಬರಾದರೂ ಇರುತ್ತಾರೆಂದು ಇಟ್ಟುಕೊಂಡ ದರ. ರಾತ್ರಿಯ ಭೂರಿಭೋಜನ, ಬೆಳಗಿನ ಊಟ, ಹಾಸಿಗೆ ಹಾಸಿಕೊಡುವ ಉಪಚಾರ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಒಬ್ಬರೇ ಬಂದರೆ ಅವರಿಗೆ ನಷ್ಟ. ಹಾಗಾಗಿ ಜಾಲತಾಣದಲ್ಲಿ ಅತಿಥಿಗಳ ಸಂಖ್ಯೆ "1" ಎಂದು ಒತ್ತಿದ ಕೂಡಲೇ ತೆರವಿದ್ದ ಕೋಣೆಗಳೆಲ್ಲ ಮಾಯವಾಗುತ್ತವೆ. ಶನಿವಾರವಂತೂ ಕೇಳುವುದೇ ಬೇಡ. ನನಗೆ ಕೊನೆಗೆ ಸಿಕ್ಕಿದ್ದು ವಾರದ ನಡುವೆ, ಹಿರಿಯ ದಂಪತಿ ನಡೆಸುವ ಸಣ್ಣದೊಂದು ರ್ಯೊಕಾನಿನಲ್ಲಿ, ರಾತ್ರಿಯೂಟವಿಲ್ಲದ ಕೋಣೆ.

ಲಾಭನಷ್ಟದ ಹಿಂದೆ ಇನ್ನೂ ಒಂದು ಕಾರಣವಿತ್ತೆಂದು ಜಪಾನಿನವರೇ ಹೇಳುತ್ತಾರೆ. ಹಿಂದೆ ಒಂಟಿಯಾಗಿ ಬಂದ ಅತಿಥಿಯನ್ನು, ಅದರಲ್ಲೂ ಒಂಟಿ ಹೆಂಗಸನ್ನು ಕಂಡರೆ ರ್ಯೊಕಾನಿನವರು ಹೆದರುತ್ತಿದ್ದರು: ಈಕೆ ಸಾಯಲು ಬಂದವಳೇ? ಇದನ್ನು ಕೇಳಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ಏಕೆಂದರೆ ನಮ್ಮದೇ ರಾಜ್ಯದ ಯಾತ್ರಾಸ್ಥಳವೊಂದರ ವಸತಿಗೃಹದ ಕಿಂಡಿಯಲ್ಲಿ ಕುಳಿತಿದ್ದವರು ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಒಬ್ಬರೇ ಇದ್ದವರಿಗೆ ರೂಮು ಕೊಡುವುದಿಲ್ಲ ಅಮ್ಮ, ಏನಾದರೂ ಹೆಚ್ಚುಕಡಿಮೆ ಆದರೆ ನಮ್ಮ ತಲೆಗೆ ಬರುತ್ತದೆ" ಎಂದಿದ್ದರು. ಹೆಚ್ಚುಕಡಿಮೆ ಎಂದರೆ ಅದೇ. ಎಲ್ಲಿಯ ಜಪಾನು, ಎಲ್ಲಿಯ ನಮ್ಮ ಛತ್ರ! ಒಂಟಿ ಹೆಂಗಸು ಕಣ್ಣಿಗೆ ಬಿದ್ದರೆ ಇಬ್ಬರಿಗೂ ಹೊಳೆಯುವುದು ನೇಣು, ವಿಷ, ಪೊಲೀಸು. ಈಕೆಗೆ ದೇವರ ದರ್ಶನವೋ ಒಂದು ಬಿಸಿ ಸ್ನಾನವೋ ಬೇಕಾಗಿರಬಹುದು ಎಂಬುದು ಕೊನೆಗೆ ಹೊಳೆಯುವ ವಿಚಾರ.

ಜಪಾನಿನಲ್ಲಿ ಇದು ಬದಲಾದದ್ದು ಯಾರೋ ಒಬ್ಬರ ಧೈರ್ಯದಿಂದಲ್ಲ. 1970ರಲ್ಲಿ ಆಗಿನ ಸರ್ಕಾರಿ ರೈಲ್ವೆ ದೇಶ ಸುತ್ತಿ ಎಂದು ದೊಡ್ಡ ಪ್ರಚಾರ ನಡೆಸಿತು. ಅದೇ ಹೊತ್ತಿಗೆ ಶುರುವಾದ ಆನ್-ಆನ್, ನಾನ್-ನೊ ಎಂಬ ಮಹಿಳಾ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ಯುವತಿಯರು ಒಂಟಿಯಾಗಿಯೂ ಇಬ್ಬರು ಮೂವರು ಸೇರಿಯೂ ಹಳೆಯ ಊರುಗಳಿಗೆ ಹೊರಟರು. ಮೂಗು ಮುರಿದವರಿದ್ದರು. ಆದರೆ ದುಡ್ಡು ಕೊಟ್ಟು ತಂಗುವವರು ಬಂದ ಮೇಲೆ ಮೂಗು ಎಷ್ಟು ದಿನ ಮುರಿಯಲಾದೀತು?

ಕಿನೋಸಾಕಿಗೆ ಬರೋಣ. ಊರಿನ ನಡುವೆ ಒತಾನಿ ಎಂಬ ಸಣ್ಣ ಹೊಳೆ. ಎರಡೂ ದಡದಲ್ಲಿ ಜೋಲುಕೊಂಬೆಯ ಮರಗಳು, ಮೇಲೆ ಕಮಾನು ಬಾಗಿದ ಕಲ್ಲಿನ ಸೇತುವೆಗಳು, ಮರದ ಕಟ್ಟಡಗಳು. ಏಳು ಸಾರ್ವಜನಿಕ ಸ್ನಾನಗೃಹಗಳು ಈ ಹೊಳೆಯ ಆಚೀಚೆ ಹರಡಿಕೊಂಡಿವೆ. ಯಾವ ರ್ಯೊಕಾನಿನಲ್ಲಿ ತಂಗಿದರೂ ಏಳಕ್ಕೂ ಪ್ರವೇಶದ ಚೀಟಿ ಕೊಡುತ್ತಾರೆ. ಇಡೀ ಊರೇ ಒಂದು ವಸತಿಗೃಹ ಎಂಬುದು ಇಲ್ಲಿಯವರ ನಂಬಿಕೆ: ರೈಲು ನಿಲ್ದಾಣ ಹೆಬ್ಬಾಗಿಲು, ಬೀದಿಗಳು ಮೊಗಸಾಲೆ, ರ್ಯೊಕಾನುಗಳು ಕೋಣೆಗಳು, ಸಾರ್ವಜನಿಕ ಸ್ನಾನಗೃಹಗಳು ಬಚ್ಚಲು. ಹಾಗಾಗಿ ಜನ ಸಂಜೆಯಾದರೆ ಯುಕಾತಾದಲ್ಲೇ ಬೀದಿಗಿಳಿಯುತ್ತಾರೆ. ಎಡಗಡೆಯ ಅಂಚು ಮೇಲೆ ಬರುವಂತೆ ಉಡಬೇಕು, ಬಲಗಡೆಯದು ಮೇಲೆ ಬಂದರೆ ಹೆಣಕ್ಕೆ ಉಡಿಸಿದ ಹಾಗೆ ಎಂದು ರ್ಯೊಕಾನಿನ ಅಜ್ಜಿ ಕಣ್ಣುಮುಚ್ಚಿ ಕೈಜೋಡಿಸಿ ನಟಿಸಿ ತೋರಿಸಿದರು.

ಜಗಳ ಶುರುವಾದದ್ದು 1927ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1925ರ ಮೇ ತಿಂಗಳಲ್ಲಿ, ಭೂಕಂಪವಾಗಿ ಅದರ ಹಿಂದೆಯೇ ಹೊತ್ತಿಕೊಂಡ ಬೆಂಕಿಗೆ ಊರು ಸುಟ್ಟು ಬೂದಿಯಾಗಿತ್ತು. ಮತ್ತೆ ಕಟ್ಟಿಕೊಳ್ಳುವಾಗ ಒಂದು ರ್ಯೊಕಾನಿನವರು ತಮ್ಮ ಆವರಣದೊಳಗೇ ಬಿಸಿನೀರಿನ ಸ್ವಂತ ಸ್ನಾನಗೃಹ ಮಾಡಿಕೊಂಡರು. ಊರಿನವರು ತಿರುಗಿಬಿದ್ದರು. ನೀರು ಎಲ್ಲರದು, ಅದು ಬೀದಿಯ ಬಚ್ಚಲುಗಳಲ್ಲೇ ಇರಬೇಕು. ಒಬ್ಬ ಒಳಗೆ ಸೆಳೆದುಕೊಂಡರೆ ನಾಳೆ ಎಲ್ಲರೂ ಸೆಳೆದುಕೊಳ್ಳುತ್ತಾರೆ, ಅತಿಥಿಗಳು ಹೊರಗೆ ಕಾಲಿಡುವುದಿಲ್ಲ, ಅಂಗಡಿಯವರು ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, ನಡುವೆ ಒಂದು ಮಹಾಯುದ್ಧವನ್ನೂ ದಾಟಿ, 1950ರಲ್ಲಿ ರಾಜಿಯಾಯಿತು. ರಾಜಿ ಜಾಣತನದ್ದು. ರ್ಯೊಕಾನಿನೊಳಗೆ ಸ್ನಾನಗೃಹ ಮಾಡಿಕೊಳ್ಳಬಹುದು, ಆದರೆ ಗಾತ್ರಕ್ಕೆ ಮಿತಿಯುಂಟು. ಬಿಸಿನೀರು ಊರಿನ ಸಾಮೂಹಿಕ ಆಸ್ತಿ; ಹಂಚುವುದು ಊರಿನ ಸಂಸ್ಥೆಯೇ.

ಈ ಮಿತಿಯಿಂದಲೇ ನನ್ನಂಥವಳಿಗೆ ಅಲ್ಲಿ ಒಂಟಿತನ ಕಾಡಲಿಲ್ಲ ಎಂಬುದು ನನ್ನ ವಾದ. ರ್ಯೊಕಾನಿನ ಸ್ನಾನದ ತೊಟ್ಟಿ ಚಿಕ್ಕದು, ಆದ್ದರಿಂದ ಎಲ್ಲರೂ ಬೀದಿಗೆ ಬರುತ್ತಾರೆ. ಎಲ್ಲರೂ ಬರುವುದರಿಂದ ರಾತ್ರಿ ಹತ್ತಾದರೂ ಬೀದಿಯಲ್ಲಿ ದೀಪ, ಅಂಗಡಿ, ಮಕ್ಕಳು, ಅಜ್ಜಂದಿರು. ಕಾವಲುಗಾರ ಬೇಕಿಲ್ಲ, ಕ್ಯಾಮೆರಾ ಬೇಕಿಲ್ಲ. ಎಲ್ಲರೂ ಒಂದೇ ಬಗೆಯ ಉಡುಪಿನಲ್ಲಿರುವಾಗ ಜೊತೆಗಾರರಿದ್ದವರು ಯಾರು, ಇಲ್ಲದವರು ಯಾರು ಎಂದು ಗುರುತಿಸುವವರೂ ಇಲ್ಲ. ಜಪಾನ್ ಎಂದರೆ ಸ್ವರ್ಗ ಎಂದು ಹೇಳುತ್ತಿಲ್ಲ. ನಗರದ ರೈಲುಗಳಲ್ಲಿ ಹೆಂಗಸರಿಗೇ ಬೇರೆ ಬೋಗಿ ಇಟ್ಟಿರುವುದು ಕೈ ಹಾಕುವ ಗಂಡಸರ ಕಾಟ ತಾಳಲಾರದೆ. ಒಂದೇ ದೇಶ, ಒಂದೇ ಜನ. ಬೋಗಿಯಲ್ಲಿ ಒಂದು ಥರ, ಈ ಬೀದಿಯಲ್ಲಿ ಇನ್ನೊಂದು ಥರ. ವ್ಯತ್ಯಾಸ ಸಂಸ್ಕೃತಿಯಲ್ಲಿಲ್ಲ, ಏರ್ಪಾಟಿನಲ್ಲಿದೆ ಎಂದು ನನಗೆ ಅನ್ನಿಸುವುದು ಅದಕ್ಕೇ.

ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ: ಹೌದು, ಒಳಗೆ ಮೈಮೇಲೆ ಒಂದು ಎಳೆಯೂ ಇರುವಂತಿಲ್ಲ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಜಾಗ. ಅಂಗೈ ಅಗಲಕ್ಕಿಂತ ತುಸು ದೊಡ್ಡದಾದ ಒಂದು ವಸ್ತ್ರ ಕೊಡುತ್ತಾರೆ, ಅದರಲ್ಲಿ ಮಾನ ಮುಚ್ಚಿಕೊಳ್ಳುವ ಪ್ರಯತ್ನವನ್ನು ಮಾಡದಿರುವುದೇ ಲೇಸು. ಗೋಶೋ ನೋ ಯು ಎಂಬಲ್ಲಿ ಮೊಳಕಾಲೆತ್ತರದ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ತಿಕ್ಕಿ ತೊಳೆದುಕೊಳ್ಳುತ್ತಿದ್ದೆ. ತೊಟ್ಟಿಗಿಳಿಯುವ ಮುನ್ನ ಮೈ ಪೂರ್ತಿ ಶುದ್ಧವಾಗಿರಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಪಕ್ಕದ ಮಣೆಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ. ಬೆನ್ನು ಬಾಗಿದೆ, ಹೊಟ್ಟೆಯ ಮೇಲೆ ಉದ್ದನೆಯ ಹಳೆಯ ಹೊಲಿಗೆಯ ಗುರುತು. ತಾನು ಕುಳಿತಿದ್ದ ಮಣೆಯನ್ನು ನೀರು ಹಾಕಿ ಎರಡು ಸಲ ತೊಳೆದು ಮುಂದಿನವರಿಗಾಗಿ ತಿರುಗಿಸಿಟ್ಟರು. ಆಮೇಲೆ ಆ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ನೆತ್ತಿಯ ಮೇಲಿಟ್ಟುಕೊಂಡು ಇಂಚಿಂಚಾಗಿ ನೀರಿಗಿಳಿದರು. ನೀರು ಸಣ್ಣಗೆ ಉಪ್ಪು. ಬಿಸಿ ಎಷ್ಟೆಂದರೆ ದೀಪಾವಳಿಯ ಎಣ್ಣೆಸ್ನಾನಕ್ಕೆ ಅಮ್ಮ ಹಂಡೆಯಿಂದ ತೋಡಿ ಹಾಕುತ್ತಿದ್ದ ಮೊದಲ ತಂಬಿಗೆಯಷ್ಟು. ನಾನೂ ಇಳಿದೆ. ನನಗೆ ಗೊತ್ತಿದ್ದ ನಾಲ್ಕಕ್ಷರ ಜಪಾನಿಯಲ್ಲಿ ಭಾರತದವಳು ಎಂದೆ. "ಒಬ್ಬಳೇ?" ಎಂದು ಬೆರಳೆತ್ತಿ ಕೇಳಿದರು. ಹೌದೆಂದೆ. "ಒಳ್ಳೆಯದಾಯಿತು" ಎಂದು ಕಣ್ಣು ಮುಚ್ಚಿಕೊಂಡರು. ಅಷ್ಟೆ. ಗಂಡನೆಲ್ಲಿ, ಮಕ್ಕಳೆಷ್ಟು, ಮನೆಯಲ್ಲಿ ಒಪ್ಪಿದರೇ, ಒಂದೂ ಇಲ್ಲ. ನನ್ನ ಸೊಂಟದ ಸುತ್ತಳತೆ, ನನ್ನ ಮೈಬಣ್ಣ, ನನ್ನ ಹೆರಿಗೆಯ ಗೆರೆಗಳು ಆ ಕೋಣೆಯಲ್ಲಿ ಯಾರಿಗೂ ಸುದ್ದಿಯೇ ಆಗಿರಲಿಲ್ಲ. ನಾಚಿಕೆ ಎಷ್ಟು ಹೊತ್ತು ಇತ್ತು ಎಂದು ಕೇಳಿದರೆ, ಸೋಪು ನೊರೆಯಾಗುವವರೆಗೆ.

ದೂರುಗಳೂ ಇವೆ. ಸಸ್ಯಾಹಾರಿಗೆ ಈ ಊರು ಪರೀಕ್ಷೆಯೇ ಸರಿ. ನವೆಂಬರಿನಿಂದ ಮಾರ್ಚಿನವರೆಗೆ ಏಡಿಯ ಕಾಲ. ಬೀದಿ ತುಂಬ ಏಡಿ, ಫಲಕಗಳಲ್ಲಿ ಏಡಿ, ಬಾಗಿಲ ಮೇಲೆ ಏಡಿ. ಉಳಿದ ಕಾಲದಲ್ಲಿ ತಾಜಿಮಾ ಗೋಮಾಂಸ. ಬರೀ ಸೊಪ್ಪು, ಸೋಯಾ ಗಿಣ್ಣಿನ ಸಾರು ಎಂದು ನೆಮ್ಮದಿಯಿಂದ ಬಾಯಿಗಿಟ್ಟರೆ ಅದರ ತಿಳಿಯಲ್ಲೇ ಒಣಮೀನಿನ ಸತ್ವ ಇರುತ್ತದೆ. ನಾನು ಉಪ್ಪು ಹಾಕಿದ ಹುಳಿಹಣ್ಣು ತುಂಬಿದ ಅನ್ನದ ಉಂಡೆ ಕೊಂಡು, ಕೋಣೆಯಲ್ಲಿ ಕುಳಿತು ಚಟ್ನಿಪುಡಿಯ ಜೊತೆ ತಿಂದೆ. ಅದ್ಭುತವಾಗಿತ್ತು, ಆದರೆ ಅದನ್ನು ಜಪಾನಿ ಊಟ ಎನ್ನಲಾಗದು.

ಮರುದಿನ ಒಂದೇ ನಿಲ್ದಾಣದಾಚೆಯ ಗೆನ್‌ಬುದೋ ನೋಡಿದೆ. ಸುಮಾರು 16 ಲಕ್ಷ ವರ್ಷ ಹಿಂದಿನ ಲಾವಾರಸ ತಣಿದು ಆರು ಮೂಲೆಯ ಕಂಬಗಳಾಗಿ ನಿಂತಿರುವ ಬಂಡೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಗುರುತು ಹತ್ತುತ್ತದೆ. ಭೂಮಿಯ ಕಾಂತಕ್ಷೇತ್ರ ಹಿಂದೊಮ್ಮೆ ತಲೆಕೆಳಗಾಗಿತ್ತು ಎಂದು ಜಪಾನಿನ ಭೂವಿಜ್ಞಾನಿ ಮೊತೊನೊರಿ ಮತುಯಾಮಾ 1929ರಲ್ಲಿ ಮಂಡಿಸಿದ ವಿಚಾರಕ್ಕೆ ಎಡೆಮಾಡಿದ್ದು ಈ ಬಂಡೆಯ ಪರೀಕ್ಷೆ. ಇಷ್ಟು ದೊಡ್ಡ ಸಂಗತಿಯಿರುವ ಜಾಗದಲ್ಲಿ ನಾನು ಹೋದಾಗ ನಾಲ್ಕೇ ಜನ. ಉಳಿದವರೆಲ್ಲ ಏಡಿ ತಿನ್ನುತ್ತಿದ್ದರು.

ನಮ್ಮಲ್ಲಿ ಬಿಸಿನೀರಿನ ಬುಗ್ಗೆ ಇಲ್ಲವೆಂದಲ್ಲ, ಪುತ್ತೂರಿನ ಬಳಿ ಇರ್ದೆಯ ಬೆಂದ್ರ್‌ತೀರ್ಥ ಇದೆ. ಜಪಾನಿನ 1948ರ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೂ ಅದು ಬಿಸಿನೀರಿನ ಬುಗ್ಗೆಯೇ. ಆ ಲೆಕ್ಕ ಹಿಡಿದರೆ ರಾಯಚೂರಿನ ಕೊಳವೆಬಾವಿಗಳೆಲ್ಲ ಅರ್ಹತೆ ಪಡೆದಾವು! ನಮಗಿಲ್ಲದಿರುವುದು ಆ 1950ರ ರಾಜಿಯಂಥದ್ದು. ಮಲೆನಾಡಿನಲ್ಲಿ, ಕೊಡಗಿನಲ್ಲಿ ರೆಸಾರ್ಟ್ ಕಟ್ಟುವವರು ಮೊದಲು ಎಬ್ಬಿಸುವುದು ಕಾಂಪೌಂಡ್ ಗೋಡೆ. ಹೊಳೆಯ ದಂಡೆ, ಗುಡ್ಡದ ನೋಟ, ಊಟ, ಕ್ಯಾಂಪ್‌ಫೈರ್ ಎಲ್ಲವೂ ಒಳಗೆ. ಹೊರಗಿನ ಊರು ಸಂಜೆ ಆರಕ್ಕೆ ಕತ್ತಲು. ಅಲ್ಲಿ ಜೋಡಿಯಾಗಿ, ಸಂಸಾರವಾಗಿ ಹೋದವರು ಸುಖವಾಗಿರಬಹುದು. ಒಬ್ಬಳೇ ಹೋದವಳು ಊಟದ ಕೋಣೆಯಲ್ಲಿ ನಾಲ್ಕು ಕುರ್ಚಿಯ ಮೇಜಿನ ಮುಂದೆ ಕುಳಿತು ಮೊಬೈಲು ನೋಡಬೇಕು, "ಮೇಡಂ, ಬೇರೆಯವರು ಬರುತ್ತಿದ್ದಾರೆಯೇ?" ಎಂಬ ಪ್ರಶ್ನೆಗೆ ಮೂರು ಸಲ ಉತ್ತರಿಸಬೇಕು. ಬಳಿಕ "ಹೆಂಗಸರು ಧೈರ್ಯವಾಗಿ ತಿರುಗಾಡಬೇಕು" ಎಂಬ ಭಾಷಣವನ್ನೂ ಕೇಳಬೇಕು.

ಹೋಗುವವರಿಗೆ ಎರಡು ಮಾತು. ಶನಿವಾರ, ಏಡಿಯ ಕಾಲ ಎರಡನ್ನೂ ತಪ್ಪಿಸಿದರೆ ಒಬ್ಬರಿಗೆ ಕೋಣೆ ಸಿಗುವ ಸಾಧ್ಯತೆ ಹೆಚ್ಚು. ಒಂದೊಂದು ಸ್ನಾನಗೃಹಕ್ಕೆ ವಾರದಲ್ಲಿ ಒಂದೊಂದು ದಿನ ರಜೆ, ನೋಡಿಕೊಳ್ಳಿ. ಹಚ್ಚೆ ಹಾಕಿಸಿಕೊಂಡವರನ್ನು ಜಪಾನಿನ ಅನೇಕ ಕಡೆ ನೀರಿಗಿಳಿಸುವುದಿಲ್ಲ, ಇಲ್ಲಿನ ಏಳರಲ್ಲೂ ಬಿಡುತ್ತಾರೆ. ಬಿಸಿ ತಲೆಗೇರುತ್ತದೆ, ಒಂದೇ ಸಂಜೆ ಏಳನ್ನೂ ಮುಗಿಸುವ ಹಟ ಬೇಡ.

ಇನ್ನು ನನಗೊಂದು ಸಹಾಯ ಆಗಬೇಕು. ಡಿಸೆಂಬರಿನಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಡೆ ಹೊರಟಿದ್ದೇನೆ, ಒಬ್ಬಳೇ. ತಕರಾರಿಲ್ಲದೆ ಕೋಣೆ ಕೊಡುವ, ಸಂಜೆಯ ಮೇಲೂ ಬೀದಿಯಲ್ಲಿ ನಾಲ್ಕು ಜನ ಓಡಾಡುವ ಕಡೆಯ ವಸತಿಗೃಹ ಯಾರಿಗಾದರೂ ಗೊತ್ತಿದ್ದರೆ ಹೆಸರು ತಿಳಿಸಿ.