ತಟ್ಟೆ ಇದೆ, ಇಡ್ಲಿ ಇಲ್ಲ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಅಂಗಡಿ ಮುಂದೆ ಆರು ಬೈಕು ಬಂದು ನಿಂತವು. ಹೆಲ್ಮೆಟ್ ತೆಗೆದರೆ ಬೆಂಗಳೂರಿನ ಹುಡುಗರು. ನಮ್ಮ ಮಾವ ಆಗಷ್ಟೇ ಷಟರ್ ಎತ್ತಿ ದೇವರ ಫೋಟೋಗೆ ಊದುಬತ್ತಿ ಹಚ್ಚುತ್ತಿದ್ದರು.

"ಅಂಕಲ್, ಹನ್ನೆರಡು ತಟ್ಟೆ ಇಡ್ಲಿ. ಬೆಣ್ಣೆ ಜಾಸ್ತಿ ಇರ್ಲಿ" ಅಂದ ಒಬ್ಬ.

ಮಾವ ಒಮ್ಮೆ ಸುತ್ತ ನೋಡಿದರು. ಗೋಡೆ ತುಂಬ ಸ್ಟೀಲು, ಹಿತ್ತಾಳೆ, ಅಲ್ಯೂಮಿನಿಯಂ. ಬಾಗಿಲಲ್ಲಿ ಮದುವೆ ಅಡುಗೆಯ ಕೊಳದಪ್ಪಲೆ ನೇತು ಹಾಕಿದೆ. ಒಲೆಯೂ ಇಲ್ಲ, ಹೊಗೆಯೂ ಇಲ್ಲ. ಆದರೂ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಜೀವ ಅಲ್ಲ ಅದು. "ತಟ್ಟೆ ಇದೆ, ಇಡ್ಲಿ ಇಲ್ಲ" ಅಂದರು.

ಹುಡುಗ ಮೊಬೈಲ್ ಮುಂದೆ ಹಿಡಿದ. ಮ್ಯಾಪಿನಲ್ಲಿ ನಮ್ಮ ಅಂಗಡಿ ಹೆಸರು, ಅದರ ಬಾಲಕ್ಕೆ "ಬೆಸ್ಟ್ ತಟ್ಟೆ ಇಡ್ಲಿ ಸ್ಟ್ಯಾಂಡ್ ಇನ್ ತುಮಕೂರು". ಉದ್ದ ಜಾಸ್ತಿ ಆಗಿ, ಅವನ ಪರದೆಯಲ್ಲಿ ಅದು "ಬೆಸ್ಟ್ ತಟ್ಟೆ ಇಡ್ಲಿ" ಅನ್ನುವಲ್ಲಿಗೆ ತುಂಡಾಗಿತ್ತು. "ಅದಕ್ಕೆ ಕ್ಯಾತ್ಸಂದ್ರಕ್ಕೆ ಹೋಗ್ಬೇಕಪ್ಪ. ಬರುವಾಗಲೇ ದಾಟ್ಕೊಂಡು ಬಂದಿದ್ದೀರಲ್ಲ" ಅಂತ ಮಾವ ಅವರನ್ನು ಬಂದ ದಾರಿಗೇ ವಾಪಸ್ ತಿರುಗಿಸಿದರು. ಹೋಗುವಾಗ ಒಬ್ಬ ಅವರಮ್ಮನಿಗೆ ಅಂತ ಆರು ತಟ್ಟೆಯ ಸ್ಟ್ಯಾಂಡ್ ಒಂದನ್ನು ಕೊಂಡ. ಬೆಳಗಿನ ಬೋಣಿ. ಹಾಗಾಗಿ ಮ್ಯಾಪಿನಲ್ಲಿ ಏನೋ ತಪ್ಪಿದೆ ಅಂತ ಮಾವನಿಗೆ ಒಪ್ಪಿಸುವುದಕ್ಕೆ ನನಗೆ ಇನ್ನೂ ಎರಡು ತಿಂಗಳು ಹಿಡಿಯಿತು.

ಬಿ.ಕಾಂ. ಓದಿದ ತಪ್ಪಿಗೆ ಅಂಗಡಿಯ ಲೆಕ್ಕ ಮೊದಲೇ ನನ್ನ ತಲೆ ಮೇಲಿತ್ತು. ಈಗ ಮ್ಯಾಪೂ ಬಂತು. ಸರಿ, ಒಂದು ಸಂಜೆ ಕೂತು ಹುಡುಕಿದೆ. ಇಂಟರ್‌ನೆಟ್ಟಿನಲ್ಲಿ ನಮ್ಮ ಒಂದೇ ಅಂಗಡಿ ಐದು ಕಡೆ ಐದು ಅವತಾರದಲ್ಲಿ ಸಿಕ್ಕಿತು.

ಅಂಗಡಿ ಹೆಸರನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಇಬ್ಬರು ದೇವರು, ಕೊನೆಗೆ ಒಂದು "ಅಂಡ್ ಸನ್ಸ್" ಇದೆ ಅಂದರೆ ಸಾಕು. ಬೋರ್ಡಿನಲ್ಲಿ ಇಬ್ಬರೂ ದೇವರಿದ್ದಾರೆ. ಬಿಲ್ ಪುಸ್ತಕ ಮಾಡಿಸುವಾಗ ಜಾಗ ಸಾಲದೆ ಒಬ್ಬ ದೇವರನ್ನು ಬಿಟ್ಟರು. ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಮೊದಲ ಸಾಲಿಗೆ ಮಾವನ ಸ್ವಂತ ಹೆಸರು, ವ್ಯಾಪಾರದ ಹೆಸರು ಅದರ ಕೆಳಗೆ. ಫೇಸ್‌ಬುಕ್ಕಿನಲ್ಲಿ ನಮ್ಮ ಯಜಮಾನರು "ಸ್ಟೀಲ್ ವರ್ಲ್ಡ್" ಅಂತ ಸೇರಿಸಿದ್ದರು. ಊರಿನ ಜನ ಇದು ಯಾವುದನ್ನೂ ಅನ್ನುವುದಿಲ್ಲ. ಅವರಿಗೆ ಅದು ಕೊಳದಪ್ಪಲೆ ಅಂಗಡಿ. ಇನ್ನು "ಸನ್ಸ್" ವಿಷಯ: ಮಾವನಿಗೆ ಒಬ್ಬನೇ ಮಗ. ಎರಡನೆಯದು ನನ್ನ ನಾದಿನಿ. "ಹಾಗಾದ್ರೆ ಆ ಕೊನೇ ಅಕ್ಷರ ನಾನಾ?" ಅಂತ ಅವಳು ಪ್ರತಿ ಹಬ್ಬಕ್ಕೆ ಬಂದಾಗಲೂ ಕೇಳುತ್ತಾಳೆ.

ವಿಳಾಸದ ಕಥೆ ಇನ್ನೂ ಚೆನ್ನಾಗಿದೆ. ಅಂಗಡಿ ಇರುವುದು ಮಂಡಿಪೇಟೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ. ದೊಡ್ಡ ರಸ್ತೆಯ ಹೆಸರಿದ್ದರೆ ಗತ್ತು ಅಂತ ಮಾವ ಎಲ್ಲ ಕಡೆ "ಬಿ.ಎಚ್. ರಸ್ತೆ ಸಮೀಪ" ಅಂತ ಬರೆಸಿದ್ದರು. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಆ ರಸ್ತೆ ನಮ್ಮೂರಲ್ಲಿ ನಿಲ್ಲುವುದಿಲ್ಲ. ತಿಪಟೂರಿನಲ್ಲೂ ಬಿ.ಎಚ್. ರಸ್ತೆ ಇದೆ, ಭದ್ರಾವತಿಯಲ್ಲೂ ಇದೆ, ಶಿವಮೊಗ್ಗದಲ್ಲೂ ಇದೆ. ಒಂದು ಸಲ ಯಾರೋ ಊರಿನ ಹೆಸರು ಬಿಟ್ಟು ವಿಳಾಸ ಬರೆದು, ನಮ್ಮ ಎರಡು ಡಜನ್ ಟಿಫಿನ್ ಕ್ಯಾರಿಯರ್ ಭದ್ರಾವತಿ ನೋಡಿಕೊಂಡು ಬಂದವು.

ಯಜಮಾನರು ಇನ್ನೊಂದು ಹೆಜ್ಜೆ ಮುಂದೆ. ಮದುವೆಯಾದ ಹೊಸದರಲ್ಲಿ ಮನೆಯ ಸೋಫಾ ಮೇಲೆ ಕೂತು ಅಂಗಡಿಯನ್ನು ಮ್ಯಾಪಿಗೆ ಹಾಕಿದ್ದರು. ಎಲ್ಲಿ ಕೂತಿದ್ದರೋ ಅಲ್ಲೇ ಪಿನ್ ಚುಚ್ಚಿದ್ದರು. ನಮ್ಮ ಮನೆ ಜಯನಗರದಲ್ಲಿ. ಗಾಬರಿ ಬೇಡ, ಇದು ತುಮಕೂರಿನ ಜಯನಗರ. ಬೆಂಗಳೂರಿನ ಹಾಗೆ ನಮ್ಮಲ್ಲೂ ಜಯನಗರ, ಚಿಕ್ಕಪೇಟೆ, ಎಂ.ಜಿ. ರಸ್ತೆ ಎಲ್ಲ ಇವೆ. ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದರೆ ಬೆಲ್ ಆಗುತ್ತಿತ್ತು. "ಹತ್ತು ಲೀಟರ್ ಕುಕ್ಕರ್ ಇದ್ಯಾ?" ಅಂತ ಕೇಳುತ್ತಿದ್ದರು. ಇತ್ತು. ಆದರೆ ಅದರಲ್ಲಿ ಬೇಳೆ ಬೇಯುತ್ತಿತ್ತು.

ಊರಿನ ಹೆಸರೂ ಒಂದೇ ಥರ ಇರಲಿಲ್ಲ. 2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಹೆಸರು ಬದಲಾಯಿತಲ್ಲ? ಕನ್ನಡದಲ್ಲಿ ನಾವು ಮೊದಲಿಂದಲೂ ತುಮಕೂರು ಅಂತಲೇ ಬರೆಯುತ್ತಿದ್ದೆವು. ಇಂಗ್ಲಿಷಿನಲ್ಲಿ ಮಾತ್ರ ಆರು ಅಕ್ಷರ ಇದ್ದದ್ದು ಎಂಟಾಯಿತು. ನಮ್ಮ ಐದು ಅವತಾರಗಳಲ್ಲಿ ಮೂರು ಆರಕ್ಷರದ ಊರಿನಲ್ಲಿದ್ದವು, ಒಂದು ಎಂಟಕ್ಷರದ್ದರಲ್ಲಿ. ಉಳಿದ ಒಂದು ಏಳು ಅಕ್ಷರದ ಊರಿನಲ್ಲಿತ್ತು. ಅದು ಯಾವ ಊರೋ ದೇವರೇ ಬಲ್ಲ. ಪಿನ್‌ಕೋಡ್ 572ರ ತನಕ ಎಲ್ಲದರಲ್ಲೂ ಒಂದೇ, ಜಗಳ ಇದ್ದದ್ದು ಕೊನೆಯ ಮೂರು ಅಂಕಿಯಲ್ಲಿ.

ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಚಿಕ್ಕಪ್ಪನ ಮಗ ಒಬ್ಬ ಇದ್ದಾನೆ. ಅವನಿಗೆ ಫೋನ್ ಮಾಡಿದೆ. "ಅಕ್ಕ, ನಿಮ್ ನ್ಯಾಪ್ ಸರಿ ಇಲ್ಲ" ಅಂದ. ಹೆಸರು, ವಿಳಾಸ, ಫೋನ್ ನಂಬರ್ ಮೂರಕ್ಕೂ ಇಂಗ್ಲಿಷಿನ ಮೊದಲ ಅಕ್ಷರ ಸೇರಿಸಿ ಅವರು ನ್ಯಾಪ್ ಅಂತಾರಂತೆ. ಯಜಮಾನರು ಪಕ್ಕದಿಂದಲೇ "ನ್ಯಾಪ್ ಅಂದ್ರೆ ಮಧ್ಯಾಹ್ನದ ನಿದ್ದೆ ಅಲ್ವಾ? ಅದರಲ್ಲಿ ನಮ್ಮನೇಲಿ ಏನೂ ಕೊರತೆ ಇಲ್ಲ" ಅಂದರು.

ತಮ್ಮ ಹೇಳಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ಹತ್ತಿರದ ಅಂಗಡಿ ತೋರಿಸುವಾಗ ಗೂಗಲ್ ಮುಖ್ಯವಾಗಿ ಮೂರು ನೋಡುತ್ತದೆ: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರು ಮಾಡಿದೆ. ಒಂದೇ ಅಂಗಡಿ ಐದು ಹೆಸರಲ್ಲಿ ಐದು ಜಾಗದಲ್ಲಿದ್ದರೆ, ಮಾಡಿದ ಅಷ್ಟಿಷ್ಟು ಹೆಸರೂ ಹಂಚಿಹೋಗುತ್ತದೆ. "ರೋಡ್" ಅಂತ ಬರೆದರೋ "ರಸ್ತೆ" ಅಂತ ಬರೆದರೋ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಫೋನ್ ನಂಬರ್ ಬೇರೆ ಬೇರೆ ಇದ್ದರೆ ಕಷ್ಟ. ಹೆಸರಿಗೆ ಬಾಲ ಕಟ್ಟುವುದಂತೂ ತಪ್ಪೇ. ಬೋರ್ಡಿನಲ್ಲಿ ಏನಿದೆಯೋ ಅದೇ ಇರಬೇಕು, ಇಲ್ಲದಿದ್ದರೆ ಅಂಗಡಿಯನ್ನು ಮ್ಯಾಪಿನಿಂದಲೇ ತೆಗೆದುಬಿಡಬಹುದು. "ಹಳೇ ನಂಬರ್ ಹಾಕಿ ಹುಡುಕಿ ನೋಡಿ, ಎಲ್ಲೆಲ್ಲಿ ಅವಿತಿದೆ ಅಂತ ಸಿಗುತ್ತೆ" ಅಂದ.

ಹುಡುಕಿದೆ. ಸಿಕ್ಕಿತು. ಒಂದು ಡೈರೆಕ್ಟರಿಯಲ್ಲಿ ಬಾಲ್ಯದ ಫೋಟೋ ಹಾಗೆ, 0816ರಿಂದ ಶುರುವಾಗುವ ನಮ್ಮ ಹಳೇ ಲ್ಯಾಂಡ್‌ಲೈನ್ ಇತ್ತು. ಅದನ್ನು ವಾಪಸ್ ಕೊಟ್ಟು ಯಾವ ಕಾಲವಾಯಿತೋ. ಇನ್ನೆರಡು ಕಡೆ ಮಾವನ ಹಳೇ ಮೊಬೈಲ್ ನಂಬರ್. ಎರಡು ಸಿಮ್ ಯಾಕೆ ಅಂತ ಮಾವ ಒಂದಕ್ಕೆ ರೀಚಾರ್ಜ್ ನಿಲ್ಲಿಸಿದ್ದರು. ಹಾಗೆ ಬಿಟ್ಟ ನಂಬರನ್ನು 90 ದಿನ ಯಾರಿಗೂ ಕೊಡುವ ಹಾಗಿಲ್ಲ, ಆಮೇಲೆ ಇನ್ನೊಬ್ಬರಿಗೆ ಕೊಡಬಹುದು. ಕೊಟ್ಟಿದ್ದಾರಾ ನೋಡೋಣ ಅಂತ ಡಯಲ್ ಮಾಡಿದೆ.

"ಹಲೋ, ಪಾತ್ರೆ ಅಂಗಡಿನಾ?" ಅಂತ ನಾನು ಕೇಳುವ ಮೊದಲೇ ಆ ಕಡೆಯಿಂದ ಒಂದು ದಪ್ಪ ದನಿ ಬಂತು: "ಭಾನ್ವಾರ ಮಧ್ಯಾಹ್ನದ ಗಂಟ ತೆಗ್ದಿರ್ತಾರೆ. ಮಂಗ್ಳವಾರ ರಜ. ಆರು ತಟ್ಟೇದು ಬೇಕಾ, ಹದ್ನಾರು ತಟ್ಟೇದಾ?"

ನನಗೆ ಮಾತೇ ಹೊರಡಲಿಲ್ಲ. ಅವರು ಗುಬ್ಬಿ ಕಡೆಯವರು, ತೆಂಗಿನ ತೋಟ. ಹೊಸ ಸಿಮ್ ತಗೊಂಡ ಮಾರನೇ ದಿನದಿಂದ ಪಾತ್ರೆ ಕೇಳಿ ಫೋನ್ ಬರುವುದಕ್ಕೆ ಶುರುವಾಯಿತಂತೆ. ಮೊದಮೊದಲು ರಾಂಗ್ ನಂಬರ್ ಅಂತ ಬೈದು ಇಟ್ಟರಂತೆ. ಆಮೇಲೆ, "ಪಾಪ, ಜನ ದೂರ್‌ದಿಂದ ಕೇಳ್ತಾರೆ" ಅಂತ, ಒಂದು ದಿನ ಸಂತೆಗೆ ಬಂದವರು ನಮ್ಮ ಅಂಗಡಿಗೇ ಬಂದು, ಗಿರಾಕಿಯ ಹಾಗೆ ನಿಂತು, ರೇಟು, ರಜಾ ದಿನ ಎಲ್ಲ ವಿಚಾರಿಸಿಕೊಂಡು ಹೋಗಿದ್ದರಂತೆ. "ಸುಮ್ನೆ ಗೊತ್ತಿಲ್ಲ ಅನ್ನೋಕೆ ಮನ್ಸು ಬರಲ್ಲ ಕಣಕ್ಕ. ಹಿತ್ತಾಳೆ ರೇಟ್ ಮಾತ್ರ ನಾನ್ ಹೇಳಲ್ಲ. ಅದು ದಿನಾ ಬದ್ಲಾಗ್ತದೆ, ಅಂಗ್ಡೀಲೇ ಕೇಳಿ ಅಂತೀನಿ" ಅಂದರು. ಇಂಟರ್‌ನೆಟ್ಟಿನಲ್ಲಿ ನಮ್ಮ ಬಗ್ಗೆ ಸರಿಯಾದ ಮಾಹಿತಿ ಕೊಡುತ್ತಿದ್ದ ಏಕೈಕ ಜಾಗ ಅಂದರೆ ನಮ್ಮ ತಪ್ಪು ನಂಬರ್.

ಇನ್ನು ಗೂಗಲ್‌ಗೆ ಇದು ನಮ್ಮದೇ ಅಂಗಡಿ ಅಂತ ಸಾಬೀತು ಮಾಡಬೇಕಿತ್ತು. ಹಿಂದೊಮ್ಮೆ ಯಜಮಾನರು ಅರ್ಜಿ ಹಾಕಿದಾಗ ಅಂಗಡಿ ವಿಳಾಸಕ್ಕೆ ಕೋಡ್ ಇರುವ ಪೋಸ್ಟ್‌ಕಾರ್ಡ್ ಬಂದಿತ್ತಂತೆ. ಮಾವ ಅದನ್ನು ನಾಲ್ಕು ಚೂರು ಮಾಡಿ ಎಸೆದಿದ್ದರು. ಕೇಳಿದರೆ, "ಕೋಡ್ ಬಂದ್ರೆ ಯಾರ್ಗೂ ಹೇಳ್ಬೇಡಿ ಅಂತ ನೀವೇ ಅಲ್ವಾ ಹೇಳಿದ್ದು? ನಾನು ಮಗನಿಗೂ ಹೇಳ್ಲಿಲ್ಲ" ಅಂದರು. ತಪ್ಪು ಹಿಡಿಯುವ ಹಾಗಿಲ್ಲ.

ಈ ಸಲ ವಿಡಿಯೋ ಕೇಳಿದರು. ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ರಸ್ತೆ ಕಾಣಬೇಕು, ಬೋರ್ಡ್ ಕಾಣಬೇಕು, ಒಳಗಿನ ಸಾಮಾನು ಕಾಣಬೇಕು. ಮಾಲೀಕರಿಗೆ ಮಾತ್ರ ಸಾಧ್ಯವಾಗುವ ಏನಾದರೂ ಮಾಡಿ ತೋರಿಸಬೇಕು, ಗಲ್ಲಾ ಬೀಗ ತೆಗೆದರೂ ಆಯಿತು. ಮಾವ ಬಿಳಿ ಷರ್ಟ್ ಹಾಕಿ, ಮೀಸೆ ತೀಡಿ ತಯಾರಾದರು. ನಾನು ರಸ್ತೆಯಿಂದ ಶುರು ಮಾಡಿ ಮೊಬೈಲನ್ನು ಮೇಲೆ ಎತ್ತಿದೆ. ಬೋರ್ಡೇ ಇಲ್ಲ! ರಾತ್ರೋರಾತ್ರಿ ಯಾರೋ ಮರಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿ ಹೋಗಿದ್ದರು. ನಮ್ಮ ಇಬ್ಬರು ದೇವರ ಜಾಗದಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದ ಅವರೊಬ್ಬರೇ.

ಫ್ಲೆಕ್ಸ್ ಇಳಿಯಲಿ ಅಂತ ನಾಲ್ಕು ದಿನ ಕಾದೆವು. ಎರಡನೇ ಸಲ ಎಲ್ಲ ಸರಿಯಾಗಿ ಬಂತು. ಗಲ್ಲಾ ಹತ್ತಿರ ಬಂದಾಗ ಮಾವ ಬೀಗ ತೆಗೆಯದೆ ಕೈಕಟ್ಟಿ ನಿಂತುಬಿಟ್ಟರು. "ದುಡ್ಡು ಎಷ್ಟಿದೆ ಅಂತ ಅವರಿಗ್ಯಾಕೆ?" ಮೂರನೇ ಸಲ ದುಡ್ಡನ್ನೆಲ್ಲ ಜೇಬಿಗೆ ತುಂಬಿಕೊಂಡು ಖಾಲಿ ಗಲ್ಲಾ ತೆಗೆದು ತೋರಿಸಿದರು. ಅದು ಪಾಸಾಯಿತು.

ಎರಡೆರಡು ಸಲ ಇದ್ದ ಅಂಗಡಿಯನ್ನು ಒಂದು ಮಾಡುವುದು, ಬಾಲ ಕತ್ತರಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಮನೆಯ ಮೇಲಿದ್ದ ಪಿನ್ ಕಿತ್ತ ದಿನ ಮಧ್ಯಾಹ್ನ ನಾನು ಒಂದು ಗಂಟೆ ನ್ಯಾಪ್ ಮಾಡಿದೆ, ಯಜಮಾನರ ಅರ್ಥದಲ್ಲಿ. ವಿಮರ್ಶೆಗಳು ಮಾತ್ರ ಮಜವಾಗಿದ್ದವು. "ಇಡ್ಲಿ ಸಿಗಲಿಲ್ಲ" ಅಂತ ಒಂದು ಸ್ಟಾರ್. ಅದರ ಕೆಳಗೇ "ಚಟ್ನಿ ಸೂಪರ್" ಅಂತ ಐದು ಸ್ಟಾರ್. ಅದನ್ನು ತೆಗೆಸೋಣವಾ ಅಂದರೆ ಮಾವ, "ಯಾರೋ ಪುಣ್ಯಾತ್ಮರು ಹೊಗಳಿದ್ದಾರೆ, ಇರ್ಲಿ ಬಿಡಮ್ಮ" ಅಂದರು.

ಕಷ್ಟವಾಗಿದ್ದು ಯಾವುದು ಸರಿಯಾದ ಹೆಸರು ಅಂತ ಮನೆಯವರೆಲ್ಲ ಒಪ್ಪುವುದು. ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಅಂಗಡಿಯಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಕೊಡುತ್ತೇವೆ. ಅದು ಮಾವನದೇ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ. ಪೆನ್ನಿನ ಹಾಗಿರುವ ಸಣ್ಣ ಮಷೀನು. ಸ್ಟೀಲಿಗೆ ತಾಗಿದರೆ ಟರ್ರ್ ಅಂತ ಹಲ್ಲು ಜುಮ್ಮೆನ್ನುತ್ತದೆ. ಮಾವ ಗಿರಾಕಿಯ ಬಾಯಿ ಮಾತು ನಂಬುವುದಿಲ್ಲ. ಚೀಟಿ ಕೊಟ್ಟು "ಬರ್ದು ಕೊಡಿ" ಅನ್ನುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿ, "ಸುಮಂಗಲಾನಾ, ಸುಮಂಗಳಾನಾ?" ಅಂತ ಇನ್ನೊಮ್ಮೆ ಕೇಳಿ, ಆಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಶುರು ಮಾಡುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಒತ್ತಕ್ಷರ ತಪ್ಪಿದ್ದನ್ನು ನಾನು ನೋಡಿಲ್ಲ. ಯಾರ ಯಾರ ತಾಂಬೂಲದ ತಟ್ಟೆ ಮೇಲೋ ಮುತ್ತಿನ ಹಾಗೆ ಕೊರೆದವರ ಸ್ವಂತ ಅಂಗಡಿ ಹೆಸರು ಐದು ಥರ!

ಒಂದು ಸಂಜೆ ನಾನೇ ಒಂದು ಚೀಟಿ ಮುಂದೆ ಇಟ್ಟೆ. "ಮಾವ, ಅಂಗಡಿ ಹೆಸರು, ವಿಳಾಸ, ಫೋನ್. ಬರ್ದು ಕೊಡಿ" ಅಂದೆ.

ಮಾವ ಒಂದು ಗಳಿಗೆ ನನ್ನನ್ನೇ ನೋಡಿದರು. ಚೀಟಿ ಪಕ್ಕಕ್ಕಿಟ್ಟರು. ಹಿಂದಿನ ಸಾಲಿನಿಂದ ಒಂದು ಊಟದ ತಟ್ಟೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಮಷೀನು ಹಾಕಿದರು. ಟರ್ರ್. ಇಬ್ಬರು ದೇವರೂ ಬಂದರು. ಅಂಡ್ ಸನ್ಸ್ ಬಂತು. ಅಡ್ಡರಸ್ತೆ, ಮಂಡಿಪೇಟೆ ಹತ್ತಿರ, ತುಮಕೂರು, ಪಿನ್‌ಕೋಡ್. ಬಿ.ಎಚ್. ರಸ್ತೆಯನ್ನು ತಾವಾಗಿಯೇ ಬಿಟ್ಟರು. ಕೊನೆಗೆ ಹತ್ತು ಅಂಕಿ. ಪುಡಿ ಊದಿ, ದೀಪಕ್ಕೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. "ತಗೋ. ಇನ್ಮೇಲೆ ಯಾರ್ ಕೇಳಿದ್ರೂ ಇದನ್ನ ನೋಡ್ಕೊಂಡು ಹಾಕು."

ನಾನು ಅದನ್ನು ನೋಡಿಕೊಂಡು ಎಲ್ಲ ಕಡೆ ಹಾಕಿದೆ. ಐದನೆಯದನ್ನು ತುಂಬಿಸುವಾಗಲೇ ಕಣ್ಣಿಗೆ ಬಿದ್ದದ್ದು: ಆ ಹತ್ತು ಅಂಕಿ ಹಳೇ ನಂಬರ್. ಅಷ್ಟು ವರ್ಷ ಬಾಯಿಪಾಠ ಆಗಿದ್ದು ಕೈಗೆ ಬಂದಿತ್ತು. ಸ್ಟೀಲಿನ ಮೇಲೆ ಅಳಿಸುವ ಹಾಗೂ ಇಲ್ಲ. ಪುನಃ ಐದೂ ಕಡೆ ತಿದ್ದಿದೆ. ತಟ್ಟೆ ಮಾತ್ರ ಗಲ್ಲಾ ಹಿಂದೆ ಬೆನ್ನು ತಿರುಗಿಸಿಕೊಂಡು ನಿಂತಿತು.

ಎರಡು ವಾರ ಕಳೆದಿರಬೇಕು, ಗುಬ್ಬಿಯವರು ಅಂಗಡಿಗೇ ಬಂದರು. ಗಾಬರಿಯಲ್ಲಿದ್ದರು. "ಯಾಕಣ್ಣ, ಒಂದೂ ಫೋನೇ ಬರ್ತಿಲ್ವಲ್ಲ. ಅಂಗ್ಡಿ ಏನಾರ ಮುಚ್ಬುಟ್ರಾ ಅಂತ ನೋಡೋಕ್ ಬಂದೆ" ಅಂದರು. ಮಾವ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರು ಹೋಟೆಲಿನಿಂದ ಕಾಫಿ ತರಿಸಿದರು. ಕಾಫಿ ಮುಗಿಯುವಷ್ಟರಲ್ಲಿ ಗಲ್ಲಾ ಹಿಂದಿನಿಂದ ಆ ತಟ್ಟೆ ತೆಗೆದು ಪೇಪರಿನಲ್ಲಿ ಸುತ್ತದೆ ಹಾಗೇ ಕೈಗಿಟ್ಟರು.

ಅವರು ಓದಿದರು. ಕೆಳಗಿನ ಅಂಕಿಗಳ ಮೇಲೆ ಬೆರಳಾಡಿಸಿದರು. "ನನ್ ನಂಬ್ರ!" ಅಂದರು.

"ಹೂಂ. ನಿಮ್ಗೇ ಮಾಡಿಸಿದ್ದು" ಅಂದರು ಮಾವ, ನನ್ನ ಕಡೆ ನೋಡದೆ.