ಸ್ವಾತಂತ್ರ್ಯ ಕೊಟ್ಟರೆ ಮಕ್ಕಳು ಕೆಡ್ತಾರೆ ಅನ್ನೋರಿಗೆ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆ, ಶೇ. 50.59. 2025ರಲ್ಲಿ ಕಲಬುರಗಿ ಕೊನೆ, ಶೇ. 42.43. ಇದಕ್ಕೆ ನಮ್ಮಲ್ಲಿ ಇರೋದು ಒಂದೇ ಮದ್ದು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ಜೊತೆಗೆ ಪಾಸಿಂಗ್ ಪ್ಯಾಕೇಜ್. ಕೂತು ಕೂತು ಬೇಸತ್ತ ಮಕ್ಕಳನ್ನು ಇನ್ನೆರಡು ತಾಸು ಜಾಸ್ತಿ ಕೂರಿಸೋದು!

ನನ್ನ ಮಾತು ಉಲ್ಟಾ. ವಾರದಲ್ಲಿ ಒಂದು ದಿನವಾದರೂ ಅವರನ್ನು ಹೊರಗೆ ಬಿಡಿ. ಏನು ಮಾಡಬೇಕು ಅನ್ನೋದನ್ನು ಅವರೇ ಆರಿಸಲಿ.

ಹತ್ತನೇ ತರಗತಿ ವಿಜ್ಞಾನದಲ್ಲಿ ಲೋಹಗಳ ಕ್ರಿಯಾಶೀಲತಾ ಸರಣಿ ಬರುತ್ತದೆ, ಅಂದ್ರೆ ಯಾವ ಲೋಹ ಹೆಚ್ಚು ಚುರುಕು ಅನ್ನೋ ಪಟ್ಟಿ. ಸತು ಮೇಲೆ, ತಾಮ್ರ ಕೆಳಗೆ, ಬೆಳ್ಳಿ ಇನ್ನೂ ಕೆಳಗೆ. ಮಕ್ಕಳು ಬಾಯಿಪಾಠ ಹೊಡೀತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ. ಅದೇ ಪಾಠ ನಮ್ಮ ಬೀದರಿನಲ್ಲಿ ಬಿದ್ರಿ ಕೆಲಸಗಾರರ ಕೈಯಲ್ಲಿ ದಿನಾ ನಡೆಯುತ್ತದೆ. ಬಿದ್ರಿ ಪಾತ್ರೆಯಲ್ಲಿ ಹೆಚ್ಚುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಉಜ್ಜಿ ನುಣುಪು ಮಾಡಿ, ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಬೆಳ್ಳಗಿದ್ದ ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೆರೆ ಎಳೆದರೆ ಚೆನ್ನಾಗಿ ಕಾಣುತ್ತದೆ, ಅದಕ್ಕೆ. ಮೈಲುತುತ್ತದಲ್ಲಿದ್ದ ತಾಮ್ರವನ್ನು ಸತು ಹೊರಹಾಕಿತು, ಅಷ್ಟೇ. ಪಠ್ಯದಲ್ಲಿ ಇದೇ ಸ್ಥಾನಪಲ್ಲಟ ಕ್ರಿಯೆ. ಆಮೇಲೆ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಪಾತ್ರೆಯನ್ನು ಕಾಸಿ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ತಿಕ್ಕುತ್ತಾರೆ. ಮಣ್ಣು ಸರಿ ಇದೆಯಾ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಪಾತ್ರೆ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ.

ನಮ್ಮ ಓಣಿಯ ಹುಡುಗನೊಬ್ಬನನ್ನು ಸುಮ್ನೆ ಜೊತೆಗೆ ಕರ್ಕೊಂಡು ಹೋಗಿದ್ದೆ. "ಬೆಳ್ಳಿ ಯಾಕ ಕರ್ರಗ ಆಗ್ಲಿಲ್ರಿ ಕಾಕಾ?" ಅಂತ ಕೇಳಿದ. ಕೆಲಸ ಮಾಡುತ್ತಿದ್ದ ಹಿರಿಯರು ತಲೆ ಎತ್ತದೆ, "ಮಣ್ಣಿನ ಗುಣ ಬೇಟಾ" ಅಂದರು. ಅವನಿಗೆ ಸಮಾಧಾನ ಆಗಲಿಲ್ಲ. ಶಾಲೆಯಲ್ಲಿ ಕೇಳಿದ್ದಕ್ಕೆ "ಅದು ಪರೀಕ್ಷೆಗೆ ಬರಲ್ಲ, ಕೂಡು" ಅಂದರಂತೆ. ಬಂದೇ ಬರುತ್ತದೆ ಅನ್ನೋದು ಬೇರೆ ಮಾತು.

ಹೀಗೆ ಕಲಿಸೋದು ಬೆಂಗಳೂರಿನ ದುಬಾರಿ ಶಾಲೆಗಳಿಗೆ ಮಾತ್ರ ಸಾಧ್ಯ ಅಂತೀರಾ? ಪುಣೆ ಜಿಲ್ಲೆಯ ಪಾಬಳ್ ಕೂಡ ನಮ್ಮಂತೆಯೇ ಬರದ ಸೀಮೆ. ಹಿಂದೂಸ್ತಾನ್ ಲಿವರ್‌ನಲ್ಲಿ ವಿಜ್ಞಾನಿಯಾಗಿದ್ದ ಡಾ. ಕಲ್ಬಾಗ್ ಆ ಕೆಲಸ ಬಿಟ್ಟು 1983ರಲ್ಲಿ ಅಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ವೆಲ್ಡಿಂಗ್, ಕಟ್ಟಡ ಕೆಲಸ, ವೈರಿಂಗ್, ಬೇಸಾಯ, ದನ, ಅಡುಗೆ, ಆರೋಗ್ಯ ಎಲ್ಲವನ್ನೂ ಮಾಡುತ್ತಾ ಕಲಿಯೋದು. ಅವರ ಪಾಠಕ್ರಮ ಮಾಮೂಲಿ ಹೈಸ್ಕೂಲುಗಳಿಗೂ ಹೋಯಿತು, ವಾರಕ್ಕೊಂದು ದಿನದ ಲೆಕ್ಕದಲ್ಲಿ. ಲಡಾಖಿನಲ್ಲಿ 1988ರಲ್ಲಿ ಶುರುವಾದ ಸೆಕ್ಮೋಲ್ ಅಂತೂ ಹತ್ತನೇ ತರಗತಿ ಫೇಲಾದವರಿಗೇ ಬಾಗಿಲು ತೆರೆಯಿತು. ಕ್ಯಾಂಪಸ್ ನಡೆಸೋದರಲ್ಲಿ ಮಕ್ಕಳದ್ದೇ ಕೈ. ಹಸು ನೋಡಿಕೊಳ್ಳೋದು, ಅಡುಗೆ, ಲೆಕ್ಕಪತ್ರ. ಹಾಲು ಕರೆಯದಿದ್ದರೆ ಚಹಾಕ್ಕೆ ಹಾಲಿಲ್ಲ. ಇದಕ್ಕಿಂತ ಶಿಸ್ತು ಬೇಕಾ?

ಸ್ವಾತಂತ್ರ್ಯ ಅಂದ ಕೂಡಲೇ ನಮಗೆ ಹೇಳೋರು ಕೇಳೋರು ಇಲ್ಲದ ಶಾಲೆ ನೆನಪಾಗುತ್ತದೆ. ಇಂಗ್ಲೆಂಡಿನ ಸಮ್ಮರ್‌ಹಿಲ್ 1921ರಿಂದ ನಡೀತಿದೆ. ಅಲ್ಲಿ ತರಗತಿಗೆ ಹೋಗೋದು ಕಡ್ಡಾಯವಲ್ಲ. ಆದರೆ ನಿಯಮಗಳು ಬೇಕಾದಷ್ಟಿವೆ, ಸಭೆ ಕೂತು ಮಾಡಿಕೊಂಡವು. ಆ ಸಭೆಯಲ್ಲಿ ಮಾಸ್ತರಿಗೂ ಒಂದೇ ಓಟು, ಮಗುವಿಗೂ ಒಂದೇ ಓಟು. ನಮ್ಮ ಹೆಡ್ ಮಾಸ್ತರುಗಳನ್ನು ಆ ಸಭೆಯಲ್ಲಿ ಕೂರಿಸಿ ನೋಡಬೇಕು ಅಂತ ನನಗೆ ಭಾಳ ಆಸೆ.

ಸರ್ಟಿಫಿಕೇಟಿನ ಚಿಂತೆಗೆ ದಾರಿ ಇದೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಐದು ವಿಷಯ ಆರಿಸಿಕೊಂಡು, ಐದು ವರ್ಷದೊಳಗೆ ಒಂದೊಂದಾಗಿ ಬರೆಯಬಹುದು.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ ಪ್ರಶ್ನೆ ಬೇರೆ. ಗೆಳೆಯರೊಬ್ಬರು ಕೇಳಿದರು: "ನಮ್ಮಪ್ಪ ಕಲ್ಲು ಒಡೆದು ನನಗ ಓದಿಸ್ಯಾನ. ಈಗ ನನ್ನ ಮಗನ ಕೈಗಿ ಮತ್ತ ಸುತ್ತಿಗಿ ಕೊಡ್ತೀರೇನ್ರಿ?" ಶಹಾಬಾದ್ ಗಣಿಯ ಕಡೆಯವರು ಅವರು. ಆ ಸಿಟ್ಟು ಸರಿಯಾದದ್ದು. ಕೈಕೆಲಸ ಅಂದರೆ ಬಡವರ ಮಕ್ಕಳಿಗೆ ಗ್ಯಾರೇಜು, ಉಳ್ಳವರ ಮಕ್ಕಳಿಗೆ ನೀಟ್ ಕೋಚಿಂಗ್ ಅಂತಾದರೆ ಅಂಥ ಶಾಲೆಯೇ ಬೇಡ. ಅದಕ್ಕೇ ಆಯ್ಕೆ ಮಕ್ಕಳದ್ದೇ ಇರಬೇಕು ಅನ್ನೋದು. ವಕೀಲರ ಮಗ ಎರಕ ಹೊಯ್ಯಲಿ, ಬಿದ್ರಿ ಕೆಲಸಗಾರರ ಮಗಳು ಬೇಕಾದರೆ ಆ ಕಪ್ಪಿನ ರಸಾಯನಶಾಸ್ತ್ರ ಬರೆಯಲಿ, ಸುತ್ತಿಗೆ ಮುಟ್ಟದೇ ಇರಲಿ. ಯಾವ ಮಗು ಎಲ್ಲಿಗೆ ಅಂತ ದೊಡ್ಡವರು ಹಂಚಿದರೆ ಅದು ಮತ್ತೆ ಅಪ್ಪನ ಕಸುಬೇ ಆಗುತ್ತದೆ.

ದೊಡ್ಡ ಯೋಜನೆ ಬರಲಿ ಅಂತ ಕಾಯಬೇಕಾಗಿಲ್ಲ. ಬ್ಯಾಗಿಲ್ಲದ ಸಂಭ್ರಮ ಶನಿವಾರ ಅಂತ ಈಗಾಗಲೇ ತಿಂಗಳಿಗೆ ಒಂದು ದಿನ ಇದೆ. ಅಲ್ಲಿಂದ ಶುರು ಮಾಡಬಹುದು, ಅಲ್ವಾ? ಕೆಲವರು ತೊಗರಿ ಹೊಲಕ್ಕೆ ಹೋಗಿ ನೆಟೆ ರೋಗ ಬಂದ ಗಿಡ ಕಿತ್ತು, ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ನೋಡಲಿ. ಕೆಲವರು ನೌಬಾದಿನ ಕರೇಜ್, ಅಂದ್ರೆ ನೆಲದಡಿಯ ಹಳೇ ನೀರಿನ ಸುರಂಗ ನೋಡಿ, ಪಂಪಿಲ್ಲದೆ ನೀರು ಹೇಗೆ ಹರಿಯಿತು ಅಂತ ತಲೆ ಕೆಡಿಸಿಕೊಳ್ಳಲಿ. ಎಲ್ಲಿಗೂ ಬರಲ್ಲ ಅನ್ನೋರು ಶಾಲೆಯಲ್ಲೇ ಕೂತು ಓದಲಿ, ಅದೂ ಆಯ್ಕೆಯೇ.

ಬೀದರ್ ಕಡೆಯ ಯಾವುದಾದರೂ ಹೈಸ್ಕೂಲಿನ ಹೆಡ್ ಮಾಸ್ತರು ಇದನ್ನು ಓದುತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಬಿದ್ರಿ ಕೆಲಸಗಾರರನ್ನು ಒಪ್ಪಿಸೋ ಜವಾಬ್ದಾರಿ ನನ್ನದು. ಬಿಇಒ ಆಫೀಸಿನ ಪರ್ಮಿಷನ್ ಮಾತ್ರ ನಿಮ್ಮದು.