ಹಳೇ ಕಾರಿನ ಮೂಗಿಗೆ ಹೊಸ ಮೂಗುತಿ

ರೋಲರ್ ಮೇಲೆ ಕಾರು ಓಡಿಸಿ ಎಂಜಿನ್ ಶಕ್ತಿ ಅಳೆಯುವ ಯಂತ್ರದ, ಅಂದರೆ ಡೈನೊದ, ಮತ್ತೊಂದು ಗ್ರಾಫ್ ಬಂದಿದೆ. ನೀವೂ ನೋಡಿರುತ್ತೀರಿ. ಕೆಳಗೊಂದು ನೀಲಿ ಗೆರೆ, ಮೇಲೊಂದು ಕೆಂಪು ಗೆರೆ, ನಡುವೆ 12 ಅಶ್ವಶಕ್ತಿ. 50 ವರ್ಷದ ಸ್ಪೋರ್ಟ್ಸ್ ಕಾರಿನ ಏರ್ ಫಿಲ್ಟರ್ ಡಬ್ಬ ಕಿತ್ತು ಕೋನ್ ಫಿಲ್ಟರ್ ಸಿಕ್ಕಿಸಿದ ತಕ್ಷಣ ಈ 12 ಕುದುರೆಗಳು ಮೈ ಕೊಡವಿ ಎದ್ದವಂತೆ. ಇಷ್ಟು ವರ್ಷ ಕಾಗದದ ಫಿಲ್ಟರಿನ ಹಿಂದೆ ಮಲಗಿದ್ದವು ಪಾಪ. ಕಾರು ಕಟ್ಟಿದ ಎಂಜಿನಿಯರುಗಳು ಮರೆತು ಮನೆಗೆ ಹೋಗಿದ್ದರು.

ಗ್ರಾಫ್ ಬಿಡಿ, ಪಕ್ಕದ ಫೋಟೊ ನೋಡಿ. ಬಾನೆಟ್ ತೆರೆದಿದೆ, ಎದುರಿಗೆ ಆಳೆತ್ತರದ ಫ್ಯಾನ್ ತಿರುಗುತ್ತಿದೆ. ಅಂಥ ಗಾಳಿಗೆ ಕೋನ್ ಫಿಲ್ಟರ್ ಏನು, ಯಾರಿಗಾದರೂ ಹುರುಪು ಬಂದೀತು. ಬಾನೆಟ್ ಮುಚ್ಚಿ ರಸ್ತೆಗಿಳಿದರೆ ಅದೇ ಫಿಲ್ಟರ್ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕ ಕೂತು 60 ಡಿಗ್ರಿಯ ಗಾಳಿ ಕುಡಿಯುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. 30 ಡಿಗ್ರಿಗೆ ಶೇ 10. ಶಕ್ತಿ ಪೂರ್ತಿ ಅಷ್ಟು ಬೀಳುವುದಿಲ್ಲ, ಸರಿಸುಮಾರು ಅದರರ್ಧ ಬೀಳುತ್ತದೆ. ಆದರೂ ಫಿಲ್ಟರ್ ಕಿಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ಕೋಲ್ಡ್ ಏರ್ ಇನ್‌ಟೇಕ್' (ತಣ್ಣನೆ ಗಾಳಿಯ ದಾರಿ) ಎಂದೇ ಇರುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ.

'ಮೊದಲು' ಎಂಬ ನೀಲಿ ಗೆರೆ ಎಳೆದಾಗ ಡಬ್ಬದೊಳಗೆ ಇದ್ದದ್ದು ವರ್ಷಗಳಿಂದ ಬದಲಿಸದ ಕರೀ ಫಿಲ್ಟರ್ ಆಗಿದ್ದರೆ, ಅದನ್ನು ಯಾರೂ ಹೇಳುವುದಿಲ್ಲ. ಒಂದೇ ಕಾರನ್ನು, ಏನೂ ಮುಟ್ಟದೆ, ಎರಡು ಸಲ ಓಡಿಸಿದರೂ ಡೈನೊ ಶೇ 1–2 ಅತ್ತಿತ್ತ ತೋರಿಸುತ್ತದೆ ಎಂಬುದನ್ನೂ ಹೇಳುವುದಿಲ್ಲ. ರೋಲರ್ ಮೇಲೆ ಕಾರನ್ನು ಬಿಗಿದ ಪಟ್ಟಿ ಕೊಂಚ ಸಡಿಲವಾದರೂ ಸಾಕು, ಒಂದೆರಡು ಕುದುರೆ ಹುಟ್ಟುತ್ತವೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನು ಬಿಸಿ ಎಂಜಿನ್ ಹತ್ತಿರ ತೂಗುಹಾಕಿದರಂತೂ, ಬಿಸಿ ಗಾಳಿಯಿಂದಾದ ನಷ್ಟವನ್ನು ಕೂಡಿಸಿಕೊಡುವ ಡೈನೊದ ತಿದ್ದುಪಡಿ ಲೆಕ್ಕ ತಾನಾಗಿಯೇ ಉದಾರಿಯಾಗುತ್ತದೆ.

ನಿಜ ತಿಳಿಯಬೇಕಾದವರಿಗೆ ಉಪಕರಣ ಒಂದಿದೆ, ಆದರೆ ಅದಕ್ಕೆ ಹೊಳಪಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪು, ಎರಡೂವರೆ ಮೀಟರ್. ಅದನ್ನು 'ಯು' ಆಕಾರಕ್ಕೆ ಬಗ್ಗಿಸಿ ಒಂದು ಹಲಗೆಗೆ ಕಟ್ಟಿ, ಬಣ್ಣದ ನೀರನ್ನು ಅರ್ಧದವರೆಗೆ ತುಂಬಿ. ಒಂದು ತುದಿಯನ್ನು ಫಿಲ್ಟರ್ ಡಬ್ಬದ ಒಳಗೆ, ಫಿಲ್ಟರ್ ದಾಟಿದ ಶುದ್ಧ ಗಾಳಿಯ ಬದಿಗೆ ಸೇರಿಸಿ. ಗಾಳಿ ನಿಧಾನವಾಗಿರುವ ಅಗಲ ಜಾಗವೇ ಬೇಕು; ಸಪೂರ ಕೊಳವೆಯಲ್ಲಿ ಚುಚ್ಚಿದರೆ ಗಾಳಿಯ ವೇಗವೂ ಸೇರಿಕೊಂಡು ಅಳತೆ ಸುಳ್ಳು ಹೇಳುತ್ತದೆ. ಇನ್ನೊಂದು ತುದಿ ಕಾರಿನೊಳಗೆ ತೆರೆದಿರಲಿ. ಹಲಗೆಯನ್ನು ನೆಟ್ಟಗೆ ಹಿಡಿದು ಪಕ್ಕದಲ್ಲೊಬ್ಬರು ಕೂರಲಿ. ಖಾಲಿ ಟ್ರ್ಯಾಕಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ವೇಗದ ಮಿತಿಯಾದ ರೆಡ್‌ಲೈನ್‌ವರೆಗೆ ಹೋಗಿ, ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ ಓದಿ. 10 ಸೆಂಟಿಮೀಟರ್ ನೀರು ಎಂದರೆ ಫಿಲ್ಟರ್ ದಾಟುವಾಗ ಕಳೆದುಹೋದ ಒತ್ತಡ 1 ಕಿಲೊಪ್ಯಾಸ್ಕಲ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಅದು ಸರಿಸುಮಾರು ಶೇ 1 ಶಕ್ತಿ. 15 ಸೆಂಟಿಮೀಟರ್ ಬಂತೆನ್ನಿ. ಫಿಲ್ಟರೂ ಬೇಡ, ಡಬ್ಬವೂ ಬೇಡ, ದೇವರೇ ಬಂದು ಗಾಳಿ ಊದಿದರೂ 100 ಅಶ್ವಶಕ್ತಿಯ ಕಾರಿಗೆ ಸಿಗುವುದು ಒಂದೂವರೆ ಕುದುರೆ. ಉಳಿದ ಹತ್ತೂವರೆ ಎಲ್ಲಿಂದ ಬಂದವು ಎಂದು ಗ್ರಾಫ್ ಹಾಕಿದವರನ್ನೇ ಕೇಳಬೇಕು.

ಬಾನೆಟ್ ಮೇಲೆ ಬಾಯಿ ತೆರೆದ ಸ್ಕೂಪ್ ಇಟ್ಟು 'ರ‍್ಯಾಮ್ ಏರ್' (ಎದುರುಗಾಳಿಯನ್ನೇ ಒಳಗೆ ತುರುಕುವುದು) ಎಂದು ಎದೆಯುಬ್ಬಿಸುವವರದೂ ಇದೇ ಕಥೆ. 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಪೂರ್ತಿ ಒತ್ತಡ ಹಿಡಿದಿಟ್ಟರೂ ಅದು ಅರ್ಧ ಕಿಲೊಪ್ಯಾಸ್ಕಲ್ಲಿಗೂ ಕಡಿಮೆ. 200ರಲ್ಲಿ 1.8. ಅದೂ ಸ್ಕೂಪಿನಿಂದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ತನಕ ಎಲ್ಲೂ ಸೋರದಂತೆ ಮುಚ್ಚಿದ್ದರೆ ಮಾತ್ರ.

ಇನ್ನೊಂದು ತಮಾಷೆ. ಅಮೆರಿಕದ ಕಾರುಗಳ ಅಶ್ವಶಕ್ತಿಯನ್ನು 1972ರ ಮಾದರಿಗಳಿಗೆ ಮುಂಚೆ 'ಗ್ರಾಸ್' ಲೆಕ್ಕದಲ್ಲಿ ಬರೆಯುತ್ತಿದ್ದರು: ಎಂಜಿನನ್ನು ಸ್ಟ್ಯಾಂಡಿನ ಮೇಲಿಟ್ಟು, ಫಿಲ್ಟರ್ ಡಬ್ಬವಿಲ್ಲದೆ, ಸೈಲೆನ್ಸರ್ ಇಲ್ಲದೆ ಅಳೆದದ್ದು. ಅಂದರೆ ಫಿಲ್ಟರ್ ಕಿತ್ತಾಗ ಸಿಗುವ ಕುದುರೆಗಳನ್ನು ಕಂಪನಿ ಆಗಲೇ ಕ್ಯಾಟಲಾಗಿನಲ್ಲಿ ಮಾರಿಯಾಗಿದೆ. ಈಗ ಕಿಟ್ ಮಾರುವವರು ಅವನ್ನೇ ಎರಡನೇ ಸಲ ಮಾರುತ್ತಿದ್ದಾರೆ.

ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿಯ ಜೋಡಿ ಎಸ್‌ಯು ಕಾರ್ಬುರೇಟರುಗಳಿಗೆ ಬರೋಣ. ಫಿಲ್ಟರ್ ಕೂರುವ ಮುಖದಲ್ಲಿ ಸಣ್ಣ ತೂತುಗಳಿವೆ. ಕಾರ್ಬುರೇಟರಿನೊಳಗಿನ ಪಿಸ್ಟನ್ನಿನ ಕೆಳಭಾಗಕ್ಕೆ ಗಾಳಿ ಹೋಗುವುದು ಅಲ್ಲಿಂದಲೇ. ಹೊಸ ಫಿಲ್ಟರಿನ ಗ್ಯಾಸ್ಕೆಟ್ಟನ್ನು ತಲೆಕೆಳಗಾಗಿ ಹಾಕಿದರೆ ತೂತು ಮುಚ್ಚಿ ಪಿಸ್ಟನ್ ಮೇಲೇಳುವುದಿಲ್ಲ, ಕಾರು ಎಳೆಯುವುದಿಲ್ಲ. ಆಮೇಲೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸೂಜಿಯನ್ನು ಬೈಯುವುದು, ಪೆಟ್ರೋಲನ್ನು ಬೈಯುವುದು, ಕಾರಿನ ಜಾತಕವನ್ನೇ ಬೈಯುವುದು. ಇನ್ನು ವೆಬರ್ ಕಾರ್ಬುರೇಟರ್ ಇದ್ದವರು ಅದರ ಬಾಯಿಯ ಕಹಳೆಯಾಕಾರದ ಗಾಳಿಕೊಳವೆಗಳನ್ನು ಫಿಲ್ಟರ್ ಇಲ್ಲದೆ ಬರಿದೇ ಬಿಟ್ಟು ಫೋಟೊ ಹಾಕುತ್ತಾರೆ. ಚೆಂದವೇ. ಮಣ್ಣು ಸೀದಾ ಸಿಲಿಂಡರಿಗೆ, ರಿಂಗು ಬೋರು ಎರಡೂ ಸವೆಯುತ್ತವೆ. ಬ್ಯಾಕ್‌ಫೈರ್ ಆದರೆ ಬಾಯಲ್ಲಿ ನಿಂತ ಪೆಟ್ರೋಲ್ ಮಂಜಿಗೆ ಬೆಂಕಿ. ಪೋರ್ಷೆ 944, 1.6 ಲೀಟರ್ ಎಂಜಿನ್ನಿನ ಮೊದಲ ಮಾಜ್ಡಾ ಎಂಎಕ್ಸ್-5 ಥರದವುಗಳಲ್ಲಿ ಗಾಳಿ ಅಳೆಯುವ ರೆಕ್ಕೆಬಾಗಿಲ ಮೀಟರು ಫಿಲ್ಟರಿನ ಹಿಂದೆಯೇ ಅಡ್ಡ ನಿಂತಿರುತ್ತದೆ. ಅದನ್ನು ಹಾಗೇ ಬಿಟ್ಟು ಮುಂದಿನ ಫಿಲ್ಟರ್ ಹಿಗ್ಗಿಸುವುದು, ಒಳಬಾಗಿಲು ಕಿರಿದಾಗಿಯೇ ಇದ್ದಾಗ ಗೇಟು ದೊಡ್ಡದು ಮಾಡಿದಂತೆ.

ಕಿಟ್ ಹಾಕಿದರೆ ನಿಜವಾಗಿ ಹೆಚ್ಚುವುದು ಸದ್ದು. ಹಳೇ ಡಬ್ಬದ ಉದ್ದ ಮೂತಿ, ಪಕ್ಕದ ಖಾಲಿ ಗೂಡು ಇವೆಲ್ಲ ಎಂಜಿನ್ ಉಸಿರಿನ ಆರ್ಭಟ ನುಂಗಲೆಂದೇ ಇದ್ದವು. ಅವು ಹೋದರೆ ಕಿವಿಗೆ ಹಬ್ಬ, ಕಾಲಿಗೆ ಏನೂ ಇಲ್ಲ. ಸದ್ದು ಬೇಕು ಎಂದು ಹೇಳಿ ತಗೊಳ್ಳಿ, ಯಾರ ತಕರಾರೂ ಇಲ್ಲ. ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ, ಹೆಡ್ ಪೋರ್ಟಿಂಗ್ (ಎಂಜಿನ್ ಹೆಡ್ಡಿನ ಗಾಳಿದಾರಿ ಹಿಗ್ಗಿಸುವುದು) ಮಾಡಿಸಿ, ನೀರಿನ ಪೈಪು 30 ಸೆಂಟಿಮೀಟರ್ ತೋರಿಸುತ್ತಿದ್ದರೆ ಆಗ ಇನ್‌ಟೇಕ್ ಕೆಲಸಕ್ಕೂ ಅರ್ಥವಿದೆ: ಹಳೇ ಡಬ್ಬಕ್ಕೇ ಎರಡನೇ ಮೂತಿ, ರೇಡಿಯೇಟರಿನ ಮುಂದಿನಿಂದ ತಣ್ಣಗಿನ ಗಾಳಿಯ ಕೊಳವೆ, ಕಾರ್ಬುರೇಟರ್ ಬಾಯಿಗೆ ಅಂಚು ದುಂಡಾದ ಕಹಳೆ, ಜೊತೆಗೆ ಪೆಟ್ರೋಲ್ ಬಿಡುವ ಜೆಟ್ಟೋ ಸೂಜಿಯೋ ಒಂದು ಹಂತ ರಿಚ್, ಅಂದರೆ ಪೆಟ್ರೋಲ್ ತುಸು ಹೆಚ್ಚು. ಮಿಕ್ಸ್ಚರ್ ನೋಡದೆ ಗಾಳಿ ಮಾತ್ರ ಹೆಚ್ಚಿಸಿ ಲೀನ್, ಅಂದರೆ ಪೆಟ್ರೋಲ್ ಸಾಲದೆ, ಓಡಿಸಿದರೆ ಎಂಜಿನ್ ಪಿಸ್ಟನ್ನಿನ ತಲೆಗೆ ತೂತು ಬೀಳಬಹುದು. ಮೂತಿಯನ್ನು ಬಂಪರಿನ ಕೆಳಗೆ ಇಳಿಸಬೇಡಿ. ರಸ್ತೆಯ ನೀರನ್ನು ಎಂಜಿನ್ ಒಳಗೆಳೆದುಕೊಂಡರೆ, ನೀರು ಹಿಂಡಿದರೆ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ತಮಾಷೆ ಇಲ್ಲಿಗೆ ಸಾಕು. ಇನ್ನೆಲ್ಲೂ ತಯಾರಾಗದ ಉಕ್ಕಿನ ಡಬ್ಬವನ್ನು ಗುಜರಿಗೆ ಹಾಕಿ, ಪೈಪು ತೂರಿಸಲು ಒಳ ಮಡ್‌ಗಾರ್ಡಿಗೆ 75 ಮಿಲಿಮೀಟರ್ ತೂತು ಕೊರೆಯುತ್ತಾರಲ್ಲ, ಅದನ್ನು ನೋಡಿದರೆ ನಗು ಬರುವುದಿಲ್ಲ. 50 ವರ್ಷ ತುಕ್ಕಿನಿಂದ ಪಾರಾದ ತಗಡು ಅದು. ಒಂದೂವರೆ ಕುದುರೆಗೆ ಅದನ್ನು ಕಡಿಯುವುದಕ್ಕೆ ಅಪ್‌ಗ್ರೇಡ್ ಎನ್ನುವ ಹೆಸರು ಬೇರೆ.

ಇನ್ನೂ ಕುದುರೆ ಬೇಕೇ ಬೇಕು ಎನ್ನುವವರು ಎಂಜಿನ್ ನಿಲ್ಲಿಸಿ, ಒಬ್ಬರಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಕಾರ್ಬುರೇಟರಿನ ಬಾಯಲ್ಲಿ ಇಣುಕಿ ನೋಡಲಿ. ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಪೂರ್ತಿ ತೆರೆಯಿತೇ? ಹಳೇ ಕಾರಿನ ಕೇಬಲ್ ಹಿಗ್ಗಿರುತ್ತದೆ, ಮೇಲೆ ದಪ್ಪನೆಯ ಹೊಸ ಮ್ಯಾಟ್ ಹಾಸಿರುತ್ತಾರೆ, ಪೆಡಲ್ ನೆಲ ಮುಟ್ಟುವ ಮುಂಚೆಯೇ ಮ್ಯಾಟ್ ಮುಟ್ಟಿ ನಿಲ್ಲುತ್ತದೆ. ಆ 12 ಕುದುರೆಗಳು ಅದರ ಕೆಳಗೇ ಮಲಗಿರಬಹುದು. ಮ್ಯಾಟ್ ಸರಿಸುವುದಕ್ಕೆ ಕಿಟ್ ಇಲ್ಲ. ಅದಕ್ಕೇ ಗ್ರಾಫೂ ಇಲ್ಲ.